ಯಾವ ಮಾಧವರಾಯರು? ಒಂದೇ ಹೆಸರಿನ ಹಿರಿಯರನ್ನು ಬೇರೆ ಬೇರೆಯಾಗಿ ಗುರುತಿಸಲು ಸಮಗ್ರ ಮಾರ್ಗದರ್ಶಿ

ಮೈಸೂರಿನ ದಿವಾನರ ಪಟ್ಟಿ ತೆಗೆದು ನೋಡಿ. 1906ರಿಂದ 1909ರವರೆಗೆ ಮಾಧವರಾವ್. 1909ರಿಂದ 1912ರವರೆಗೆ ಆನಂದರಾವ್. ಆನಂದರಾಯರ ಪರಿಚಯ ಹುಡುಕಿದರೆ ‘ದಿವಾನ್ ಮಾಧವರಾಯರ ಮಗ’ ಅಂತ ಸಿಗುತ್ತದೆ. ಓದಿದವರು ಏನಂದುಕೊಳ್ಳುತ್ತಾರೆ? ಅಪ್ಪ ಇಳಿದರು, ಮಗ ಬಂದು ಕೂತರು ಅಂತ. ಹಾಗನ್ನಿಸುವುದು ಸಹಜವೇ ಅಲ್ವಾ? ಆದರೆ ನಡೆದದ್ದು ಬೇರೆ. ಇಳಿದವರು ವಿ.ಪಿ. ಮಾಧವರಾವ್. ಬಂದವರು ಟಿ. ಆನಂದರಾವ್. ಇವರ ತಂದೆ ಟಿ. ಮಾಧವರಾವ್. ಆ ತಂದೆ ಮೈಸೂರಿನ ದಿವಾನರಾಗಿರಲೇ ಇಲ್ಲ. ಅವರು 1891ರಲ್ಲೇ ತೀರಿಕೊಂಡಿದ್ದರು.

ಇಂಥ ಗೋಜಲು ನಮ್ಮ ಇತಿಹಾಸದ ತುಂಬ ಇದೆ. ಊರಿನ ಚರಿತ್ರೆ ಬರೆಯುವವರು, ಪರೀಕ್ಷೆಗೆ ಓದುವವರು, ವಿಕಿಪೀಡಿಯದಲ್ಲಿ ಲೇಖನ ತಿದ್ದುವವರು, ಹಳೆಯ ಫೋಟೋ ಕೆಳಗೆ ಹೆಸರು ಹಾಕುವವರು ಎಲ್ಲರೂ ಒಂದಲ್ಲ ಒಂದು ದಿನ ಇದಕ್ಕೆ ಸಿಕ್ಕಿಕೊಳ್ಳುತ್ತಾರೆ. ಬಿಡಿಸುವ ದಾರಿ ಕಷ್ಟದ್ದಲ್ಲ. ತಾಳ್ಮೆ ಬೇಕು ಅಷ್ಟೇ. ಉದಾಹರಣೆಗೆ ನಾನು ಮುಖ್ಯವಾಗಿ ‘ರಾವ್’ಗಳನ್ನೇ ಹಿಡಿದುಕೊಳ್ಳುತ್ತೇನೆ. ಕರ್ನಾಟಕದಲ್ಲಿ ಅದಕ್ಕಿಂತ ಜಾಸ್ತಿ ತಲೆ ತಿನ್ನುವ ಹೆಸರು ನನಗೆ ಕಂಡಿಲ್ಲ. ಕೊನೆಯ ಕಡೆ ನಮ್ಮ ನೆಲದಲ್ಲಿ ಓಡಾಡಿದ ಕೆಲವು ಇಂಗ್ಲಿಷರೂ ಬರುತ್ತಾರೆ.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ತಪ್ಪು ಎರಡು ಬಗೆಯದು. ಹೆಸರಿನ ಕೊನೆಯ ತುಂಡು ಒಂದೇ ಇದೆ ಅಂತ ಸಂಬಂಧವೇ ಇಲ್ಲದವರನ್ನು ನೆಂಟರು ಮಾಡಿಬಿಡುವುದು ಒಂದು. ನಿಜವಾಗಿಯೂ ಒಂದೇ ಮನೆಯವರಾಗಿದ್ದಾಗ ಒಬ್ಬರ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು ಇನ್ನೊಂದು. ರಾವ್‌ಗಳ ವಿಷಯದಲ್ಲಿ ಮೊದಲನೆಯದು ಜಾಸ್ತಿ. ಇಂಗ್ಲಿಷರ ವಿಷಯದಲ್ಲಿ ಎರಡನೆಯದು. ನೀವು ಯಾವ ಬಗೆಯ ಹೆಸರಿನ ಮುಂದೆ ಕೂತಿದ್ದೀರಿ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಹೆಜ್ಜೆ 1: ಇನಿಷಿಯಲ್ ಬಿಡಿಸಿ

ನಮ್ಮಲ್ಲಿ ‘ರಾವ್’ ಅನ್ನುವುದು ಬಹಳ ಸಲ ಮನೆತನದ ಹೆಸರೇ ಅಲ್ಲ. ಅದು ಹೆಸರಿನ ಹಿಂದೆ ಸೇರುವ ಗೌರವದ ಮಾತು. ಹಾಗಾಗಿ ಆಳನ್ನು ಗುರುತಿಸುವ ಗುಟ್ಟು ಹಿಂದೆ ಇರುವುದಿಲ್ಲ, ಮುಂದಿನ ಇನಿಷಿಯಲ್‌ನಲ್ಲಿ ಇರುತ್ತದೆ. ಆದರೆ ಇನಿಷಿಯಲ್‌ಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ.

ಮೂವರು ದಿವಾನ್ ಮಾಧವರಾಯರನ್ನೇ ನೋಡಿ. ಟಿ. ಮಾಧವರಾವ್ ಅವರ ‘ಟಿ.’ ತಂಜಾವೂರು, ಅಂದರೆ ಊರು. ವಿ.ಪಿ. ಮಾಧವರಾವ್ ಅವರದ್ದು ವಿಶ್ವನಾಥ ಪಾಟಣಕರ್. ಪಾಟಣಕರ್ ಮನೆತನದ ಹೆಸರು. ಎನ್. ಮಾಧವರಾವ್ ಅವರ ‘ಎನ್.’ ನ್ಯಾಪತಿ. ಅದು ತೆಲುಗರ ಪದ್ಧತಿಯಂತೆ ಮುಂದೆ ಬರುವ ಮನೆಯ ಹೆಸರು. ಹಳೇ ಮೈಸೂರಿನ ಕಡೆ ಬಹುತೇಕ ಮೊದಲು ಊರು, ಆಮೇಲೆ ತಂದೆಯ ಹೆಸರು. ಕರಾವಳಿಯಲ್ಲಿ ಊರಿನ ಹೆಸರೇ ಮನೆತನದ ಹೆಸರಾಗಿಬಿಟ್ಟಿರುತ್ತದೆ. ಬೆನಗಲ್, ಕಾರ್ನಾಡ್, ಪಂಜೆ, ಕುದ್ಮುಲ್ ಎಲ್ಲ ಹಾಗೇ ಬಂದವು.

ಮೊದಲು ಹೇಳಿದ ಅಪ್ಪ–ಮಗನ ಗೋಜಲು ಇಲ್ಲೇ ಬಿಡಿಸಿಕೊಳ್ಳುತ್ತಿತ್ತು. ಆನಂದರಾಯರ ಮುಂದೆ ‘ಟಿ.’ ಇದೆ. ಹಿಂದಿನ ದಿವಾನರ ಮುಂದೆ ‘ವಿ.ಪಿ.’ ಇದೆ. ಅಪ್ಪ–ಮಗ ಅಂದುಕೊಳ್ಳುವ ಮೊದಲು ಈ ಅಕ್ಷರಗಳನ್ನು ನೋಡಿದ್ದರೆ ಅನುಮಾನ ಬರಲೇಬೇಕಿತ್ತು. ಹಾಗಂತ ಇನಿಷಿಯಲ್ ಒಂದೇ ಆದರೆ ನೆಂಟರು ಅಂತ ತೀರ್ಮಾನ ಮಾಡಬೇಡಿ. ಒಂದೇ ಊರಿನಿಂದ ಹತ್ತು ಮನೆಗಳು ಹೊರಟಿರುತ್ತವೆ. ಕಾರ್ನಾಡು ಮೂಲ್ಕಿ ಹತ್ತಿರದ ಊರು. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರು (1881–1937) ಮಂಗಳೂರಿನವರು. ಬೆಂಗಳೂರಿನ ಸದಾಶಿವನಗರಕ್ಕೆ ಅವರದ್ದೇ ಹೆಸರು. ನಾಟಕಕಾರ ಗಿರೀಶ ಕಾರ್ನಾಡರು ಹುಟ್ಟಿದ್ದು 1938ರಲ್ಲಿ. ಒಬ್ಬರಿಗೆ ಊರಿನ ಹೆಸರು ಮುಂದೆ, ಇನ್ನೊಬ್ಬರಿಗೆ ಹಿಂದೆ. ಇಬ್ಬರನ್ನೂ ಸುಮ್ನೆ ‘ಕಾರ್ನಾಡ್’ ಅಂದರೆ ಯಾರ ಮಾತು ಅಂತ ಗೊತ್ತಾಗುವುದಿಲ್ಲ.

ಈ ಹೆಜ್ಜೆಯಲ್ಲಿ ಇನ್ನೊಂದು ಬಲೆ ಇದೆ, ಬಿರುದು. ‘ರಾವ್ ಸಾಹೇಬ್’, ‘ರಾವ್ ಬಹದ್ದೂರ್’ ಅನ್ನುವವು ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಬಿರುದುಗಳು. ಅವು ಹೆಸರಲ್ಲ. ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರನ್ನು (1859–1928) ಹಳೆಯ ದಾಖಲೆಗಳಲ್ಲಿ ರಾವ್ ಸಾಹೇಬ್ ಕುದ್ಮುಲ್ ರಂಗರಾವ್ ಅಂತ ಬರೆದಿರುತ್ತಾರೆ. ಎರಡು ಸಲ ‘ರಾವ್’ ಬಂದರೂ ಹೆಸರಿಗೆ ಸೇರಿದ್ದು ಎರಡನೆಯದು ಮಾತ್ರ. ಹೆಸರನ್ನು ಕಾರ್ಡಿಗೆ ಇಳಿಸುವಾಗ ಬಿರುದನ್ನು ತೆಗೆದು ಪಕ್ಕಕ್ಕಿಡಿ.

ಮಹಾರಾಷ್ಟ್ರ, ಗುಜರಾತಿನ ಕಡೆ ಹೋದರೆ ಕಥೆ ಇನ್ನೂ ಮಜವಾಗಿದೆ. 1875ರಲ್ಲಿ ಬರೋಡಾದಲ್ಲಿ ಮಲ್ಹಾರರಾವ್ ಅವರನ್ನು ಗದ್ದುಗೆಯಿಂದ ಇಳಿಸಿದರು. ಸಯಾಜಿರಾವ್ ಅವರನ್ನು ಕೂರಿಸಿದರು. ಆಡಳಿತ ನೋಡಿಕೊಳ್ಳಲು ಮಾಧವರಾಯರನ್ನು ಕರೆಸಿದರು. ಮೂರು ಸಾಲಿನಲ್ಲಿ ಮೂವರು ರಾಯರು. ಮೊದಲಿಬ್ಬರು ಗಾಯಕವಾಡ ಮನೆತನದವರು. ಮೂರನೆಯವರಿಗೂ ಅವರಿಗೂ ರಕ್ತಸಂಬಂಧವೇ ಇಲ್ಲ.

ಹೆಜ್ಜೆ 2: ಸ್ಪೆಲ್ಲಿಂಗ್ ಎಲ್ಲ ಹಾಕಿ ಹುಡುಕಿ

ಇದು ಚಿಕ್ಕ ಹೆಜ್ಜೆ, ಆದರೆ ಬಿಡಬೇಡಿ. ರಾವ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಿದ್ದರು. ಕೊನೆಯ ಅಕ್ಷರ ಓ, ಇಲ್ಲವೇ ಯು, ಇಲ್ಲವೇ ಮದರಾಸಿನ ಹಳೆಯ ಕಾಗದಗಳಲ್ಲಿ ಕಾಣುವಂತೆ ಆರ್–ಓ–ಡಬ್ಲ್ಯು. ಒಂದನ್ನೇ ಹಾಕಿ ಹುಡುಕಿದರೆ ಅರ್ಧ ದಾಖಲೆ ಕಣ್ಣಿಗೇ ಬೀಳುವುದಿಲ್ಲ.

ಸ್ಪೆಲ್ಲಿಂಗ್ ಬೇರೆ ಇದ್ದರೆ ಮನೆ ಬೇರೆ ಅಂತಲೂ ಅಲ್ಲ. ಬೆನಗಲ್ ಮನೆಯ ಅಣ್ಣ ನರಸಿಂಗರಾಯರು ಕೊನೆಯಲ್ಲಿ ‘ಯು’ ಬರೆಯುತ್ತಿದ್ದರು. ತಮ್ಮ ಶಿವರಾಯರು ‘ಓ’ ಬರೆಯುತ್ತಿದ್ದರು. ಒಂದೇ ತಾಯಿ ಮಕ್ಕಳು. ಅದೇ ಹೊತ್ತಿಗೆ ಮೈಸೂರಿನ ಎನ್. ಮಾಧವರಾಯರ ಹೆಸರೂ ಸಂವಿಧಾನ ಸಭೆಯ ಕಾಗದಗಳಲ್ಲಿ ‘ಯು’ದಿಂದಲೇ ಮುಗಿಯುತ್ತದೆ. ಅವರು ಬೆನಗಲ್ ಮನೆಯವರಲ್ಲ. ಸ್ಪೆಲ್ಲಿಂಗ್ ಹುಡುಕುವುದಕ್ಕೆ ಬೇಕು, ತೀರ್ಪು ಕೊಡುವುದಕ್ಕೆ ಬೇಡ.

ಹೆಜ್ಜೆ 3: ಹುದ್ದೆ, ಸಂಸ್ಥಾನ, ವರ್ಷ ಮೂರನ್ನೂ ಒಟ್ಟಿಗೆ ಇಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಾಧವರಾಯರ ಪೂರ್ತಿ ಲೆಕ್ಕ ಹೀಗಿದೆ.

ಟಿ. ಮಾಧವರಾವ್ (1828–1891). ಕುಂಭಕೋಣದಲ್ಲಿ ಹುಟ್ಟಿದವರು. 1857ರಿಂದ 1872ರವರೆಗೆ ತಿರುವಾಂಕೂರಿನ ದಿವಾನರು. 1873ರಿಂದ 1875ರವರೆಗೆ ಇಂದೋರ್. 1875ರಿಂದ 1882ರವರೆಗೆ ಬರೋಡಾ. ‘ರಾಜಾ ಸರ್’ ಅನ್ನುವುದು ಇವರ ಹೆಸರಿನ ಮುಂದೆ ಬರುತ್ತದೆ. 1887ರ ಮದರಾಸು ಕಾಂಗ್ರೆಸ್ ಅಧಿವೇಶನದ ಸ್ವಾಗತ ಸಮಿತಿಗೆ ಇವರೇ ಅಧ್ಯಕ್ಷರು.

ವಿ.ಪಿ. ಮಾಧವರಾವ್ (1850–1934). ಇವರೂ ಕುಂಭಕೋಣದವರೇ! 1904ರಿಂದ 1906ರವರೆಗೆ ತಿರುವಾಂಕೂರಿನ ದಿವಾನರು. 1906ರಿಂದ 1909ರವರೆಗೆ ಮೈಸೂರು. 1914ರಿಂದ 1916ರವರೆಗೆ ಬರೋಡಾ. ಮೈಸೂರಿಗೆ 1907ರಲ್ಲಿ ಶಾಸನ ಸಭೆ ಬಂದದ್ದು ಇವರ ಕಾಲದಲ್ಲಿ. ಪತ್ರಿಕೆಗಳ ಬಾಯಿ ಕಟ್ಟಿದ 1908ರ ಕಾನೂನು ಬಂದದ್ದೂ ಇವರ ಕಾಲದಲ್ಲೇ.

ಎನ್. ಮಾಧವರಾವ್ (1887–1972). 1941ರಿಂದ 1946ರವರೆಗೆ ಮೈಸೂರಿನ ದಿವಾನರು. ಮಿರ್ಜಾ ಇಸ್ಮಾಯಿಲ್ ಅವರ ನಂತರ ಬಂದವರು, ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಅವರಿಗೆ ಮೊದಲು ಇದ್ದವರು. ಆಮೇಲೆ ಸಂವಿಧಾನದ ಕರಡು ಸಮಿತಿಯ ಸದಸ್ಯರು.

ಈಗ ಇದನ್ನು ಪರೀಕ್ಷೆ ಮಾಡಿ. ‘ಕುಂಭಕೋಣದ ಮಾಧವರಾವ್’ ಅಂದರೆ ಸಾಕೇ? ಸಾಲದು, ಇಬ್ಬರಿದ್ದಾರೆ. ‘ತಿರುವಾಂಕೂರಿನ ದಿವಾನ್ ಮಾಧವರಾವ್’? ಅಲ್ಲೂ ಇಬ್ಬರು. ‘ಬರೋಡಾದ ದಿವಾನ್ ಮಾಧವರಾವ್’? ಅಲ್ಲೂ ಇಬ್ಬರು, ಅದೇ ಇಬ್ಬರು. ‘ಮೈಸೂರಿನ ದಿವಾನ್ ಮಾಧವರಾವ್’ ಅಂದರೆ ಮತ್ತೆ ಇಬ್ಬರು, ಆದರೆ ಜೋಡಿ ಬೇರೆ. ಹುದ್ದೆ ಒಂದೇ ಸಾಲದು, ಊರು ಒಂದೇ ಸಾಲದು, ಎರಡು ಸೇರಿದರೂ ಸಾಲದು. ವರ್ಷ ಸೇರಿದ ಮೇಲೆ ಮಾತ್ರ ಬಾಗಿಲು ತೆರೆಯುತ್ತದೆ. ಬರೋಡಾ, 1880 ಅಂದರೆ ಟಿ. ಬರೋಡಾ, 1915 ಅಂದರೆ ವಿ.ಪಿ. ಅನುಮಾನಕ್ಕೆ ಜಾಗವೇ ಇಲ್ಲ.

ಇವರ ಜೊತೆಗೆ ಪೇಶ್ವೆಗಳನ್ನು ಮರೆಯಬೇಡಿ. ‘ಮಾಧವರಾವ್ ಹೈದರಾಲಿಯನ್ನು ಸೋಲಿಸಿದ’ ಅಂತ ಓದಿದರೆ ಅದು 1761ರಿಂದ 1772ರವರೆಗೆ ಪೇಶ್ವೆಯಾಗಿದ್ದ ಮೊದಲನೇ ಮಾಧವರಾವ್. 1764ರಿಂದ ಕರ್ನಾಟಕದ ಮೇಲೆ ಸಾಲು ಸಾಲಾಗಿ ದಂಡೆತ್ತಿ ಬಂದದ್ದು ಇವನೇ. ಆದರೆ ಟಿಪ್ಪುವಿನ ಮೇಲೆ ಮರಾಠರು ನಿಜಾಮನ ಜೊತೆ ಸೇರಿ ಯುದ್ಧ ಮಾಡಿದಾಗ ಪುಣೆಯ ಪೇಶ್ವೆ ಸವಾಯಿ ಮಾಧವರಾವ್. ಅವನು 1774ರಲ್ಲಿ ಹಸುಗೂಸಾಗಿದ್ದಾಗಲೇ ಪೇಶ್ವೆಯಾದವನು. ಹೈದರ್ ಅಂದರೆ ಮೊದಲನೆಯವನು, ಟಿಪ್ಪು ಅಂದರೆ ಸವಾಯಿ. ಒರಟು ಲೆಕ್ಕ ಇದು, ಆದರೆ ಬಹಳ ಸಲ ಕೆಲಸಕ್ಕೆ ಬರುತ್ತದೆ.

ಹುಟ್ಟಿದ ಮತ್ತು ತೀರಿಕೊಂಡ ವರ್ಷ ಹಿಡಿದು ವಯಸ್ಸನ್ನೂ ಲೆಕ್ಕ ಹಾಕಿ. ಯಾರಾದರೂ ‘ಟಿ. ಮಾಧವರಾಯರು 1908ರಲ್ಲಿ ಪತ್ರಿಕಾ ಕಾನೂನು ತಂದರು’ ಅಂತ ಬರೆದಿದ್ದರೆ, ಅವರು ಸತ್ತು 17 ವರ್ಷ ಆದ ಮೇಲೆ ತಂದರು ಅಂತ ಆಗುತ್ತದೆ. ಈ ಒಂದು ಕಳೆಯುವ ಲೆಕ್ಕ ಎಷ್ಟೋ ತಪ್ಪನ್ನು ಅಲ್ಲೇ ಹಿಡಿಯುತ್ತದೆ. ಯಾಕೋ ನಮ್ಮ ಲೇಖಕರು ಇದನ್ನು ಮಾಡುವುದೇ ಕಡಿಮೆ.

ಹೆಜ್ಜೆ 4: ಒಂದೇ ಘಟನೆಯಲ್ಲಿ ಹಲವರು ಇದ್ದರೆ ಅವರ ಕೆಲಸ ನೋಡಿ

ವರ್ಷವೂ ಕೈಕೊಡುವ ಜಾಗ ಒಂದಿದೆ. ‘ಸಂವಿಧಾನ ರಚನೆಯಲ್ಲಿ ರಾವ್ ಅವರ ಪಾತ್ರ’ ಅನ್ನುವ ಪ್ರಶ್ನೆ ಅಂಥದ್ದು. ಅದೇ ಸಭೆ, ಅದೇ ದೆಹಲಿ, ಅದೇ ವರ್ಷಗಳು. ರಾಯರು ಮಾತ್ರ ಮೂವರು. ಅವರಲ್ಲಿ ಇಬ್ಬರು ಹುಟ್ಟಿದ್ದು ಒಂದೇ ವರ್ಷ, 1887. ಇಲ್ಲಿ ‘ಯಾವ ಕುರ್ಚಿಯಲ್ಲಿ ಕೂತಿದ್ದರು’ ಅಂತ ಕೇಳಬೇಕು.

ಮೊದಲನೆಯವರು ಬಿ.ಎನ್. ರಾವ್, ಅಂದರೆ ಬೆನಗಲ್ ನರಸಿಂಗರಾಯರು (1887–1953). ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಅಧಿಕಾರಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರು, 1944–45ರಲ್ಲಿ ಕಾಶ್ಮೀರದ ಪ್ರಧಾನಮಂತ್ರಿ. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಮಾಡಿ ಕೊಟ್ಟವರು ಇವರು. ಗಮನಿಸಿ, ಇವರು ಸಭೆಯ ಸದಸ್ಯರಲ್ಲ, ಕರಡು ಸಮಿತಿಯ ಸದಸ್ಯರೂ ಅಲ್ಲ. ಸಲಹೆಗಾರರು ಮಾತ್ರ. ಅಂಬೇಡ್ಕರ್ 1949ರ ನವೆಂಬರ್ 25ರ ಭಾಷಣದಲ್ಲಿ ಇವರ ಹೆಸರು ಹೇಳಿ ಮೆಚ್ಚಿಕೊಂಡರು.

ಎರಡನೆಯವರು ಎನ್. ಮಾಧವರಾವ್, ನಮ್ಮ ಹಳೆಯ ದಿವಾನರು. ಕರಡು ಸಮಿತಿಯಲ್ಲಿ ಬಿ.ಎಲ್. ಮಿತ್ತರ್ ಅವರ ಜಾಗಕ್ಕೆ ಬಂದವರು. ಇವರು ಸದಸ್ಯರು. ಪರೀಕ್ಷೆಯಲ್ಲಿ ‘ಕರಡು ಸಮಿತಿಯಲ್ಲಿದ್ದ ರಾವ್ ಯಾರು’ ಅಂತ ಕೇಳಿದರೆ ಉತ್ತರ ಇವರು. ಬಿ.ಎನ್. ಅಂತ ಬರೆದರೆ ತಪ್ಪು.

ಮೂರನೆಯವರು ಬಿ. ಶಿವರಾವ್ (1891–1975). ನರಸಿಂಗರಾಯರ ತಮ್ಮ. ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು, 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದವರು. ಗೋಜಲು ಹೆಚ್ಚಾಗುವುದು ಆಮೇಲೆ. ಅಣ್ಣ ತೀರಿಕೊಂಡ ಮೇಲೆ ಅಣ್ಣನ ಬರಹಗಳನ್ನು ಸಂಪಾದಿಸಿ 1960ರಲ್ಲಿ ಹೊರತಂದವರು ಈ ತಮ್ಮ. ಸಂವಿಧಾನ ರಚನೆಯ ದಾಖಲೆಗಳನ್ನು ಹಲವು ಸಂಪುಟಗಳಲ್ಲಿ ಒಟ್ಟು ಮಾಡಿದವರೂ ಇವರೇ. ಹಾಗಾಗಿ ಗ್ರಂಥಾಲಯದ ಕಾರ್ಡಿನಲ್ಲಿ ಒಂದು ಪುಸ್ತಕಕ್ಕೆ ಎರಡು ರಾವ್ ಕಾಣುತ್ತಾರೆ, ಬರೆದವರೊಬ್ಬರು, ಸಂಪಾದಿಸಿದವರೊಬ್ಬರು. ಟಿಪ್ಪಣಿ ಹಾಕುವಾಗ ಯಾರ ಮಾತು, ಯಾರ ಮುನ್ನುಡಿ ಅಂತ ನೋಡಿಕೊಂಡು ಹಾಕಿ.

ಇವರಿಬ್ಬರ ನಡುವೆ ಹುಟ್ಟಿದ ಇನ್ನೊಬ್ಬರಿದ್ದಾರೆ, ಬೆನಗಲ್ ರಾಮರಾಯರು (1889–1969). ಇವರಿಗೂ ಸಂವಿಧಾನಕ್ಕೂ ಸಂಬಂಧ ಇಲ್ಲ. 1949ರಿಂದ 1957ರ ಜನವರಿಯವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಆ ಕಾಲದ ನೋಟುಗಳ ಮೇಲೆ ಇರುವ ಸಹಿ ಇವರದ್ದು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟರು. ಅಂದಹಾಗೆ ಈ ಟಿ.ಟಿ.ಕೆ. ಕೂಡ ಕರಡು ಸಮಿತಿಯಲ್ಲಿದ್ದವರು. ಸಭೆಯ ಉಪಾಧ್ಯಕ್ಷರಾಗಿದ್ದವರು ವಿ.ಟಿ. ಕೃಷ್ಣಮಾಚಾರಿ, ಬರೋಡಾದ ಹಳೆಯ ದಿವಾನರು. ಈ ಜೋಡಿಯನ್ನು ಬಿಡಿಸುವ ಕೆಲಸ ನಿಮಗೇ ಬಿಟ್ಟಿದ್ದೇನೆ. ದಾರಿ ಇದೇ.

ವಿಜ್ಞಾನದ ಕಡೆಯ ರಾಯರಿಗೂ ಈ ಹೆಜ್ಜೆಯೇ ಸಾಕು, ಬೇಗ ಮುಗಿಯುತ್ತದೆ. ಸಂಖ್ಯಾಶಾಸ್ತ್ರ ಅಂದರೆ ಸಿ.ಆರ್. ರಾವ್ (1920–2023), ಹೂವಿನಹಡಗಲಿಯಲ್ಲಿ ಹುಟ್ಟಿದ ತೆಲುಗು ಮನೆಯವರು. ರಸಾಯನಶಾಸ್ತ್ರ, ಭಾರತರತ್ನ ಅಂದರೆ ಸಿ.ಎನ್.ಆರ್. ರಾವ್. ಉಪಗ್ರಹ, ಇಸ್ರೋ ಅಂದರೆ ಯು.ಆರ್. ರಾವ್ (1932–2017), ಉಡುಪಿ ಹತ್ತಿರದ ಅದಮಾರಿನವರು. ಅರ್ಥಶಾಸ್ತ್ರ ಅಂದರೆ ವಿ.ಕೆ.ಆರ್.ವಿ. ರಾವ್ (1908–1991). ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಕಟ್ಟಿದವರು ಅವರೇ.

ಹೆಜ್ಜೆ 5: ಇಂಗ್ಲಿಷರ ಹೆಸರಿಗೆ ಲೆಕ್ಕ ತಿರುಗಿಸಿ

ಇಲ್ಲಿ ಕೊನೆಯ ಹೆಸರು ನಿಜವಾಗಿಯೂ ಮನೆತನದ್ದು. ಹಾಗಾಗಿ ಅಪ್ಪ, ಮಗ, ಅಣ್ಣ, ತಮ್ಮ ಎಲ್ಲರೂ ಒಂದೇ ಹೆಸರಲ್ಲಿ, ಕೆಲವೊಮ್ಮೆ ಒಂದೇ ಊರಲ್ಲಿ ಸಿಗುತ್ತಾರೆ. ಇಲ್ಲಿ ನೆಂಟಸ್ತನ ಹುಡುಕುವ ಕೆಲಸ ಕಡಿಮೆ, ಕೆಲಸಗಳನ್ನು ಹಂಚುವ ಕೆಲಸ ಜಾಸ್ತಿ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ರೈಸ್. ನಮ್ಮ ಪುಸ್ತಕಗಳಲ್ಲಿ ‘ರೈಸ್ ಹೇಳುವಂತೆ’ ಅಂತ ಎಷ್ಟು ಸಲ ಬರುತ್ತದೆ! ಯಾವ ರೈಸ್? ತಂದೆ ಬೆಂಜಮಿನ್ ಹೋಲ್ಟ್ ರೈಸ್, ಲಂಡನ್ ಮಿಷನ್ನಿನ ಪಾದ್ರಿ, ಬೆಂಗಳೂರಿನಲ್ಲಿ ಬಹುಕಾಲ ಕೆಲಸ ಮಾಡಿದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇವರ ನೆನಪಿನದ್ದು. ಮಗ ಬಿ. ಲೂಯಿಸ್ ರೈಸ್ (1837–1927), ಬೆಂಗಳೂರಲ್ಲೇ ಹುಟ್ಟಿದವರು. ಮೈಸೂರು ಗೆಜೆಟಿಯರ್ ಬರೆದವರು, ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸಾವಿರಾರು ಶಾಸನ ಅಚ್ಚು ಹಾಕಿಸಿದವರು. ಇನ್ನೊಬ್ಬ ಮಗ ಇ.ಪಿ. ರೈಸ್. ಅವರೂ ತಂದೆಯಂತೆ ಮಿಷನರಿ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಅವರು. ತಂದೆಯ ಜೀವನಚರಿತ್ರೆ ಬರೆದವರೂ ಅವರೇ.

ಮಾತು ಶಾಸನದ್ದಾದರೆ ಲೂಯಿಸ್, ಪಂಪ–ರನ್ನರ ಕಾವ್ಯದ್ದಾದರೆ ಇ.ಪಿ. ಅಂತ ಕಣ್ಣು ಮುಚ್ಚಿ ಹೇಳುವಂತಿಲ್ಲ. ಲೂಯಿಸ್ ರೈಸ್ ಅವರೂ ಹಳೆಗನ್ನಡ ಗ್ರಂಥಗಳನ್ನು ಸಂಪಾದಿಸಿದ್ದಾರೆ, ಮುನ್ನುಡಿಗಳಲ್ಲಿ ಕವಿಗಳ ಕಾಲ ಚರ್ಚಿಸಿದ್ದಾರೆ. ಆದ್ದರಿಂದ ಅಡಿಟಿಪ್ಪಣಿಯಲ್ಲಿರುವ ಪುಸ್ತಕದ ಹೆಸರು ನೋಡದೆ ಮುಂದೆ ಹೋಗಬೇಡಿ. ನೀವು ಬರೆಯುವಾಗಲೂ ‘ರೈಸ್’ ಅಂತ ಬಿಡಬೇಡಿ, ‘ಲೂಯಿಸ್ ರೈಸ್’ ಅಂತಲೇ ಬರೆಯಿರಿ. ಒಂದು ಪದ ಜಾಸ್ತಿ ಆದರೆ ಯಾರಿಗೂ ನಷ್ಟ ಇಲ್ಲ.

ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯೂ ಹೀಗೇ. ಪುರಾತತ್ವ ಅಂದ ತಕ್ಷಣ ನೆನಪಾಗುವ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ (1814–1893) ಹೆಸರು ಅದಲ್ಲ. ಅವನ ತಮ್ಮ ಫ್ರಾನ್ಸಿಸ್ (1820–1875) ಮಾರ್ಕ್ ಕಬ್ಬನ್ ಕಾಲದ ಮೈಸೂರು ಕಮಿಷನ್‌ನಲ್ಲಿ ಅಧಿಕಾರಿ. ರಸ್ತೆ ಅವನದ್ದು. ಸಿಖ್ಖರ ಇತಿಹಾಸ ಬರೆದ ಜೋಸೆಫ್ ಡೇವಿ ಇವರಿಬ್ಬರ ಅಣ್ಣ. ತಂದೆ ಆಲನ್ ಸ್ಕಾಟ್ಲೆಂಡಿನ ಕವಿ. ಅದೇ ಕಾಲಕ್ಕೆ ಆಸ್ಟ್ರೇಲಿಯದಲ್ಲಿ ಗಿಡಮರ ಹುಡುಕಿದ ಇನ್ನೊಬ್ಬ ಆಲನ್ ಕನ್ನಿಂಗ್‌ಹ್ಯಾಮ್ ಇದ್ದ. ಅವನಿಗೂ ಈ ಕವಿಗೂ ಹೆಸರಿನ ನಂಟು ಮಾತ್ರ.

ಮನ್ರೋ ವಿಷಯ ಇದಕ್ಕೆ ಉಲ್ಟಾ. ಬಕ್ಸಾರ್ ಗೆದ್ದ ಹೆಕ್ಟರ್ ಮನ್ರೋ 1780ರಲ್ಲಿ ಹೈದರಾಲಿಯ ಕೈಗೆ ಸಿಕ್ಕ ಕರ್ನಲ್ ಬೇಲಿ ಅನ್ನುವವನ ಪಡೆಯನ್ನು ಕಾಪಾಡಲಾಗದೆ ಹಿಂದೆ ಸರಿದ. ಅದೇ ಯುದ್ಧದಲ್ಲಿ ಹತ್ತೊಂಬತ್ತರ ಆಸುಪಾಸಿನ ಹುಡುಗನೊಬ್ಬ ಸೈನ್ಯದಲ್ಲಿದ್ದ. ಅವನು ಥಾಮಸ್ ಮನ್ರೋ (1761–1827). ಮುಂದೆ ಕೆನರಾ ಜಿಲ್ಲೆ, ಆಮೇಲೆ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ ಕಡೆಯ ಜಿಲ್ಲೆಗಳಲ್ಲಿ ಕಂದಾಯ ಕಟ್ಟುಮಾಡಿದ, ರೈತವಾರಿ ಪದ್ಧತಿಗೆ ಹೆಸರಾದ, ಮದರಾಸಿನ ಗವರ್ನರ್ ಆದ. ಮಂತ್ರಾಲಯದ ಕಥೆಯಲ್ಲಿ ರಾಯರು ದರ್ಶನ ಕೊಟ್ಟರು ಅನ್ನುವ ಮನ್ರೋ ಇವನೇ. ಕೊಲ್ಲಂ ಹತ್ತಿರದ ಮನ್ರೋ ದ್ವೀಪ ಮಾತ್ರ ತಿರುವಾಂಕೂರಿನಲ್ಲಿ ರೆಸಿಡೆಂಟನೂ ದಿವಾನನೂ ಆಗಿದ್ದ ಜಾನ್ ಮನ್ರೋ ಹೆಸರಿನದ್ದು.

ಹೆಜ್ಜೆ 6: ಒಬ್ಬನೇ ಎರಡು ಹೆಸರಲ್ಲಿ ಓಡಾಡುತ್ತಿದ್ದಾನಾ ನೋಡಿ

ಒಂದೇ ಹೆಸರಿನ ಇಬ್ಬರು ಇರುವಂತೆ ಎರಡು ಹೆಸರಿನ ಒಬ್ಬನೂ ಇರುತ್ತಾನೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗಿನ ಕಾಗದಗಳಲ್ಲಿ ಗವರ್ನರ್ ಜನರಲ್ ಅಂದರೆ ‘ಮಾರ್ನಿಂಗ್ಟನ್’. ಆ ವರ್ಷದ ಕೊನೆಯಿಂದ ‘ಮಾರ್ಕ್ವಿಸ್ ವೆಲ್ಲೆಸ್ಲಿ’. ಇಬ್ಬರಲ್ಲ, ಒಬ್ಬನೇ, ರಿಚರ್ಡ್ (1760–1842). ಅವನ ತಮ್ಮ ಆರ್ಥರ್ (1769–1852) ಮುತ್ತಿಗೆಯಲ್ಲಿ ಕರ್ನಲ್ ವೆಲ್ಲೆಸ್ಲಿ, 1814ರಿಂದ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಇನ್ನೊಬ್ಬ ತಮ್ಮ ಹೆನ್ರಿ ಅಣ್ಣನ ಕಾರ್ಯದರ್ಶಿ.

‘ವೆಲ್ಲೆಸ್ಲಿ ಟಿಪ್ಪುವನ್ನು ಸೋಲಿಸಿದ’ ಅನ್ನುವ ಶಾಲೆಯ ವಾಕ್ಯವನ್ನು ಈಗ ಬಿಡಿಸಿ. ಯುದ್ಧ ಮಾಡಿಸಿದವನು ರಿಚರ್ಡ್, ಆಗ ಮದರಾಸಿನಲ್ಲಿ ಕೂತಿದ್ದ. ಸೈನ್ಯದ ದಂಡನಾಯಕ ಜನರಲ್ ಹ್ಯಾರಿಸ್. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನು ಡೇವಿಡ್ ಬೇರ್ಡ್. ಆರ್ಥರ್ ಅದಕ್ಕೂ ಮೊದಲು ಸುಲ್ತಾನ್‌ಪೇಟೆಯ ತೋಪಿನ ರಾತ್ರಿ ದಾಳಿಯಲ್ಲಿ ಸೋತು ವಾಪಸಾಗಿದ್ದ. ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ಅವನಿಗೆ ಸಿಕ್ಕಿತು. 1800ರಲ್ಲಿ ಧೋಂಡಿಯ ವಾಘ್‌ನ ಬೆನ್ನು ಹತ್ತಿ ಕೊಂದದ್ದು ಅವನ ಪಡೆ. ಸಹಾಯಕ ಸೈನ್ಯ ಪದ್ಧತಿ ಅಂದರೆ ರಿಚರ್ಡ್. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೂ ರಿಚರ್ಡನ ಹೆಸರೇ.

1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ಜಾತಿ, ಕೈಕಸುಬು ಎಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಆಮೇಲೆ ಹ್ಯಾಮಿಲ್ಟನ್ ಅನ್ನುವ ಹೆಸರು ಸೇರಿಸಿಕೊಂಡ. ಕೆಲವು ಪಟ್ಟಿಗಳಲ್ಲಿ ಬುಕಾನನ್, ಹ್ಯಾಮಿಲ್ಟನ್, ಬುಕಾನನ್–ಹ್ಯಾಮಿಲ್ಟನ್ ಅಂತ ಮೂರು ಕಡೆ ಸಿಗುತ್ತಾನೆ. ಒಂದೇ ಆಳು.

ಹೆಜ್ಜೆ 7: ಫೋಟೋ, ರಸ್ತೆ ಫಲಕ ನಂಬಬೇಡಿ

ದಿವಾನರೆಂದರೆ ಪೇಟ, ಉದ್ದ ಕೋಟು, ಎದೆಯ ಮೇಲೆ ಪದಕ. ಅಂತರ್ಜಾಲದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಚಿತ್ರ ಮೊದಲು ಎಲ್ಲಿ ಅಚ್ಚಾಯಿತು ಅಂತ ಗೊತ್ತಿಲ್ಲದಿದ್ದರೆ ಬಳಸಬೇಡಿ. ಪ್ರತಿಮೆಯಾದರೆ ಸ್ವಲ್ಪ ಸುಲಭ. ತಿರುವನಂತಪುರದ ಸೆಕ್ರೆಟೇರಿಯಟ್ ಎದುರಿನ ಸ್ಟ್ಯಾಚ್ಯೂ ಜಂಕ್ಷನ್ನಿನಲ್ಲಿ ನಿಂತಿರುವವರು ಟಿ. ಮಾಧವರಾಯರು. ಬೆಂಗಳೂರಿನ ಆನಂದರಾವ್ ವೃತ್ತ ಅವರ ಮಗನ ಹೆಸರಿನದ್ದು. ಬಸವನಗುಡಿಯ ಕೃಷ್ಣರಾವ್ ಉದ್ಯಾನ ಸಾಹಿತಿ ಅ.ನ. ಕೃಷ್ಣರಾಯರದ್ದಲ್ಲ, ಮೈಸೂರು ಸರ್ಕಾರದ ಅಧಿಕಾರಿ ಎಂ.ಎನ್. ಕೃಷ್ಣರಾಯರದ್ದು. ಜನ ಬಾಯಲ್ಲಿ ಹೇಳುವಾಗ ಇನಿಷಿಯಲ್ ಬಿದ್ದುಹೋಗುತ್ತದೆ, ಆಮೇಲೆ ಬರಹದಲ್ಲೂ ಬೀಳುತ್ತದೆ.

ಹೆಜ್ಜೆ 8: ಒಬ್ಬರಿಗೆ ಒಂದು ಚೀಟಿ

ಗೊತ್ತಾದದ್ದನ್ನು ಬರೆದಿಡಿ. ಒಬ್ಬೊಬ್ಬರಿಗೂ ಐದು ಸಾಲು ಸಾಕು. ಬಿಡಿಸಿದ ಪೂರ್ತಿ ಹೆಸರು. ಹುಟ್ಟು–ಸಾವಿನ ವರ್ಷ. ಊರು, ತಂದೆ. ಹುದ್ದೆ, ಜೊತೆಗೆ ವರ್ಷ. ಐದನೆಯ ಸಾಲಿನಲ್ಲಿ ‘ಇವರಲ್ಲ’ ಅಂತ ಬರೆದು, ಯಾರ ಜೊತೆ ಬೆರೆಯುವ ಅಪಾಯ ಇದೆಯೋ ಅವರ ಹೆಸರು ಹಾಕಿ. ನನ್ನ ಪ್ರಕಾರ ಐದರಲ್ಲಿ ಜಾಸ್ತಿ ಬೆಲೆಯ ಸಾಲು ಇದೇ. ಟಿ. ಆನಂದರಾಯರ ಚೀಟಿಯಲ್ಲಿ ‘ವಿ.ಪಿ. ಮಾಧವರಾಯರ ಮಗ ಅಲ್ಲ’ ಅಂತ ಇದ್ದರೆ ಆರು ತಿಂಗಳ ನಂತರ ನೀವೇ ತೆಗೆದು ನೋಡಿದಾಗ ಮತ್ತೆ ಗೊಂದಲ ಆಗುವುದಿಲ್ಲ.

ಬರೆಯುವಾಗ ಇಂಗ್ಲಿಷ್ ಪತ್ರಿಕೆಗಳ ಅಭ್ಯಾಸ ಬಿಟ್ಟುಬಿಡಿ. ‘ರಾವ್ ಹೇಳಿದರು’, ‘ರಾವ್ ಪ್ರಕಾರ’ ಅಂತ ಬರೆಯುವುದೇ ಗೋಜಲಿನ ಬೇರು. ಕನ್ನಡದಲ್ಲಿ ನಾವು ಎಂದೂ ಹಾಗೆ ಕರೆದವರಲ್ಲ. ನರಸಿಂಗರಾಯರು, ರಾಮರಾಯರು, ಶಿವರಾಯರು ಅಂದುಬಿಟ್ಟರೆ ಬೆನಗಲ್ ಮನೆಯ ಮೂವರೂ ತಾವಾಗಿಯೇ ಬೇರೆಯಾಗುತ್ತಾರೆ. ನಮ್ಮ ಸಾಹಿತಿಗಳು ಇದನ್ನು ಇನ್ನೂ ಚೆನ್ನಾಗಿ ಬಗೆಹರಿಸಿಕೊಂಡಿದ್ದರು. ಶ್ರೀಕಂಠಯ್ಯ ಇಬ್ಬರಿದ್ದರೆ ಬಿಎಂಶ್ರೀ, ತೀನಂಶ್ರೀ. ನರಸಿಂಹಾಚಾರ್ಯರಲ್ಲಿ ಒಬ್ಬರು ಡಿಎಲ್ಎನ್, ಒಬ್ಬರು ಪುತಿನ. ಕವಿಚರಿತೆಯ ಆರ್. ನರಸಿಂಹಾಚಾರ್ಯರಿಗೆ (1860–1936) ಮಾತ್ರ ಇಂಥ ಚಿಕ್ಕ ಹೆಸರು ನಿಲ್ಲಲಿಲ್ಲ. ಅದಕ್ಕೇ ಇರಬೇಕು, ಇಂದಿಗೂ ಬೆರೆಯುವುದು ಜಾಸ್ತಿ ಅವರೇ.

ಕೊನೆಗೂ ಬಿಡಿಸಲಾಗದಿದ್ದರೆ?

ಹಳೆಯ ಕಟ್ಟಡವೊಂದರ ಗೋಡೆಯಲ್ಲಿ ಕಲ್ಲು ಇದೆ ಅಂದುಕೊಳ್ಳಿ. ‘ದಿವಾನ್ ಮಾಧವರಾವ್ ಅವರಿಂದ’ ಅಂತ ಓದಬಹುದು. ಇನಿಷಿಯಲ್ ಉದುರಿದೆ, ವರ್ಷ ಅಳಿಸಿದೆ. ಕಟ್ಟಡ ಮೈಸೂರು ಸಂಸ್ಥಾನದ್ದಾದ್ದರಿಂದ ಟಿ. ಅವರನ್ನು ಮೊದಲೇ ತೆಗೆದುಹಾಕಿ. ಉಳಿದವರು ವಿ.ಪಿ. ಮತ್ತು ಎನ್. ಕಲ್ಲಿನಲ್ಲಿ ಮಹಾರಾಜರ ಹೆಸರಿದೆಯಾ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಆದರೆ ವಿ.ಪಿ. ಜಯಚಾಮರಾಜ ಒಡೆಯರ್ ಆದರೆ ಎನ್., ಯಾಕೆಂದರೆ ಅವರು ಪಟ್ಟಕ್ಕೆ ಬಂದದ್ದು 1940ರಲ್ಲಿ. ಮಹಾರಾಜರ ಹೆಸರೂ ಇಲ್ಲದಿದ್ದರೆ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಮಾಡಿದ ಭಾಷಣಗಳ ಅಚ್ಚಾದ ಸಂಪುಟ ತೆಗೆದು, ಆ ಊರಿನ ಹೆಸರು ಯಾವ ವರ್ಷದಲ್ಲಿ ಬರುತ್ತದೆ ಅಂತ ಹುಡುಕಿ. ಅಲ್ಲೂ ಸಿಗದಿದ್ದರೆ ‘ದಿವಾನ್ ಮಾಧವರಾವ್ (ವಿ.ಪಿ. ಅಥವಾ ಎನ್.)’ ಅಂತ ಬರೆದು, ಕಲ್ಲಿನ ಸ್ಪಷ್ಟವಾದ ಫೋಟೋ ಪಕ್ಕದಲ್ಲಿ ಹಾಕಿ.